ಕಡಲ ಕಾವಲಿಗೆ ಎತ್ತರದ ಕಣ್ಣು

ಶಿವಾಜಿನಗರದ ‘ಸಿಮ್ಲಾ ಆಫೀಸ್’ ಮುಂದೆ ನಿತ್ಯ ಓಡಾಡುವ ಪುಣೆಯ ಕನ್ನಡಿಗರಿಗೆ ಆ ಹೆಸರಿನ ಹಿನ್ನೆಲೆ ತಿಳಿದಿರಬಹುದು. 1928ರಲ್ಲಿ ಹವಾಮಾನ ಇಲಾಖೆಯ ಪ್ರಧಾನ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂದಿತು, 1944ರಲ್ಲಿ ದೆಹಲಿಗೆ ಹೋಯಿತು, ಹೆಸರು ಉಳಿಯಿತು. ಬಿರುಗಾಳಿಯನ್ನು ತಡೆಯುವುದು ಯಾವ ಇಲಾಖೆಗೂ ಸಾಧ್ಯವಿಲ್ಲ. ಅದು ಕೊಡಬಲ್ಲುದು ದಡ ಸೇರುವಷ್ಟು ಕಾಲಾವಕಾಶವನ್ನು. ಯುದ್ಧನೌಕೆಯ ರಕ್ಷಣೆಗೂ ಮೊದಲು ಬೇಕಾದುದು ಇದೇ ಕಾಲಾವಕಾಶ.

ಕಾರವಾರದ ಕದಂಬ ನೌಕಾನೆಲೆ ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ತಂಗುದಾಣ. ಭೂಮಿ ದುಂಡಗಿರುವ ಕಾರಣ ಹಡಗಿನ ರೇಡಾರಿಗೆ ದಿಗಂತದಾಚೆಯದು ಕಾಣದು. ನೀರಿನಿಂದ 25 ಮೀಟರ್ ಎತ್ತರದಲ್ಲಿರುವ ರೇಡಾರ್, ಅಲೆಗಳಿಗಿಂತ ನಾಲ್ಕು ಮೀಟರ್ ಮೇಲೆ ಹಾರಿಬರುವ ಕ್ಷಿಪಣಿಯನ್ನು ಕಾಣುವುದು ಸುಮಾರು 29 ಕಿ.ಮೀ. ದೂರದಲ್ಲಿ. ಸೆಕೆಂಡಿಗೆ 300 ಮೀಟರ್ ಕ್ರಮಿಸುವ ಕ್ಷಿಪಣಿಗೆ ಅದು ಒಂದೂವರೆ ನಿಮಿಷದ ಹಾದಿ! ರೇಡಾರನ್ನು 3000 ಮೀಟರ್ ಮೇಲಕ್ಕೆ ಒಯ್ದರೆ ಈ ದಿಗಂತ 230 ಕಿ.ಮೀ. ದಾಟುತ್ತದೆ, ಕ್ಷಿಪಣಿ ಹೊತ್ತು ಬರುವ ವಿಮಾನವನ್ನೇ ಮುಂಚಿತವಾಗಿ ಗುರುತಿಸಬಹುದು.

ಇದನ್ನು ಕಡೆಗಣಿಸಿದ ಬ್ರಿಟನ್ ದುಬಾರಿ ಪಾಠ ಕಲಿಯಿತು. ಹಳೆಯ ವಿಮಾನವಾಹಕದೊಂದಿಗೆ ಅದರ ಮುನ್ನೆಚ್ಚರಿಕೆ ವಿಮಾನಗಳೂ ನಿವೃತ್ತವಾಗಿದ್ದವು. ಫಾಕ್‌ಲ್ಯಾಂಡ್ ಯುದ್ಧದಲ್ಲಿ, 1982ರ ಮೇ 4ರಂದು, ಶೆಫೀಲ್ಡ್ ನೌಕೆ ಕ್ಷಿಪಣಿಗೆ ತುತ್ತಾಗಿ 20 ಮಂದಿ ಮಡಿದರು. ಆಮೇಲೆ ಇದ್ದ ಹೆಲಿಕಾಪ್ಟರಿಗೆ ಇದ್ದ ರೇಡಾರನ್ನೇ ಅಳವಡಿಸಿ ಕೆಲವೇ ವಾರಗಳಲ್ಲಿ ಹೊಸ ಕಣ್ಣನ್ನು ಸಿದ್ಧಪಡಿಸಿದರು. ಯುದ್ಧ ಮುಗಿದಿತ್ತು.

ನಮ್ಮ ಮುಂದಿರುವ ಆಯ್ಕೆಗಳು ಯಾವುವು? ಅಮೆರಿಕದ ಹಾಕ್‌ಐ ವಿಮಾನ ಸಮರ್ಥವಾದುದು, ಆದರೆ ದುಬಾರಿ. ಹಡಗಿನಿಂದ ಅದನ್ನು ಚಿಮ್ಮಿಸಲು ಕ್ಯಾಟಪಲ್ಟ್ ಯಂತ್ರ ಬೇಕು. ವಿಕ್ರಮಾದಿತ್ಯದಲ್ಲಾಗಲಿ, 2022ರಲ್ಲಿ ಸೇವೆಗೆ ಸೇರಿದ ವಿಕ್ರಾಂತದಲ್ಲಾಗಲಿ ಅದಿಲ್ಲ. ಮಿತವ್ಯಯದ ಹಾದಿಯೆಂದು ನಾವು ಕೊಂಡದ್ದು ರಷ್ಯದ ಕಾಮೊವ್-31 ಹೆಲಿಕಾಪ್ಟರನ್ನು. ಹೊಟ್ಟೆಯಡಿ ಬಿಚ್ಚಿಕೊಂಡು ಸುತ್ತುವ ಅದರ ಆಂಟೆನಾ ಉಪಯುಕ್ತವೇ. ಆದರೆ ಒಂದು ಹಾರಾಟ ಎರಡೂವರೆ ಗಂಟೆಯ ಆಸುಪಾಸಿನದು. ಹಗಲಿರುಳು ಒಂದನ್ನು ಆಕಾಶದಲ್ಲಿರಿಸಲು ಹಲವು ಬೇಕು.

ಇತ್ತ ನಮ್ಮ ಬೆಂಗಳೂರಿನಲ್ಲೇ ಈ ವಿದ್ಯೆ ಬೆಳೆದಿದೆ. ಡಿ.ಆರ್.ಡಿ.ಒ.ದ ವಾಯುಗಾಮಿ ವ್ಯವಸ್ಥೆಗಳ ಕೇಂದ್ರವು ಆವ್ರೊ ವಿಮಾನದ ಬೆನ್ನಿಗೆ ರೇಡಾರ್ ಗುಮ್ಮಟವನ್ನಿಟ್ಟು ಪ್ರಯೋಗ ನಡೆಸಿತು. 1999ರ ಜನವರಿ 11ರಂದು ಅರಕ್ಕೋಣಂ ಬಳಿ ಆ ವಿಮಾನ ಉರುಳಿ ವಿಜ್ಞಾನಿಗಳೂ ವಾಯುಪಡೆಯವರೂ ಸೇರಿ ಎಂಟು ಮಂದಿ ಪ್ರಾಣತೆತ್ತರು. ಯೋಜನೆ ನಿಂತಿತು, ವಿದ್ಯೆ ನಿಲ್ಲಲಿಲ್ಲ. 2017ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ‘ನೇತ್ರ’ ವಾಯುಪಡೆಗೆ ಹಸ್ತಾಂತರವಾಯಿತು. ಆದರೆ ‘ನೇತ್ರ’ ಹಾರುವುದು ನೆಲದ ಓಡುದಾರಿಯಿಂದ. ನಡುಗಡಲ ಹಡಗಿಗೆ ಅದರ ಆಸರೆ ಸದಾ ದೊರೆಯದು.

ಆದುದರಿಂದ ನಮ್ಮ ಅಭಿಪ್ರಾಯ ಸ್ಪಷ್ಟ. ಈಗಿನ ಹೆಲಿಕಾಪ್ಟರುಗಳನ್ನು ಸುಸ್ಥಿತಿಯಲ್ಲಿಡಬೇಕು. ಜೊತೆಯಲ್ಲೇ ಬೆಂಗಳೂರಿನ ರೇಡಾರ್ ವಿದ್ಯೆಯನ್ನು ಹಡಗಿನಿಂದ ಏರಬಲ್ಲ ಸ್ವದೇಶಿ ಹೆಲಿಕಾಪ್ಟರಿಗೂ, ದೀರ್ಘಕಾಲ ಹಾರಬಲ್ಲ ಚಾಲಕರಹಿತ ವಿಮಾನಕ್ಕೂ ಇಳಿಸುವ ಕಾರ್ಯಕ್ಕೆ ಹಣವೊದಗಬೇಕು. ಸಾವಿರಾರು ಕೋಟಿಯ ಹಡಗು ಕಟ್ಟಿ ಅದರ ಕಣ್ಣಿಗೆ ಜಿಪುಣತನ ತೋರುವುದು ಮಿತವ್ಯಯವಲ್ಲ.

ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲೆಯ ಕಡಲಂಚಿನ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿಯ ದಡ ಬಿಟ್ಟು ಎದ್ದವು. ಊರು ಬಿಡುವ ಸಂಕಟ ಹೊರನಾಡಿನ ನಮಗೆ ತಿಳಿಯದ್ದೇನಲ್ಲ. ಅಷ್ಟು ಬೆಲೆ ತೆತ್ತು ಪಡೆದ ನೆಲೆಯಿಂದ ಹೊರಡುವ ಹಡಗು ಕುರುಡಾಗಿ ಹೊರಡಬಾರದು.