ಎರಡು ದೋಣಿಯ ಪಯಣಕ್ಕೆ ನಿಯಮ ಬರೆಯುವವರಾರು?

ಬೆಂಗಳೂರು: ಸಂಸ್ಥೆಯ ಸಂಬಳ ಪಡೆಯುತ್ತಲೇ ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ವಜಾ ಮಾಡಿದ ಸಂಗತಿಯನ್ನು ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ 2022ರ ಸೆಪ್ಟೆಂಬರ್‌ನಲ್ಲಿ ಬಹಿರಂಗಪಡಿಸಿದಾಗ ಐಟಿ ವಲಯ ಬೆಚ್ಚಿಬಿದ್ದಿತ್ತು. ಅದೇ ತಿಂಗಳು ನೌಕರರಿಗೆ ಎಚ್ಚರಿಕೆ ನೀಡಿದ್ದ ಇನ್ಫೊಸಿಸ್, ಮರುತಿಂಗಳೇ ಪೂರ್ವಾನುಮತಿ ಪಡೆದು ಹೊರಗಿನ ಬಿಡಿ ಕೆಲಸ ಮಾಡಬಹುದೆಂದಿತು. ಸ್ವಿಗ್ಗಿ ಆಗಸ್ಟ್‌ನಲ್ಲಿಯೇ ಇಂಥ ಅವಕಾಶ ಕಲ್ಪಿಸಿತ್ತು.

ಪ್ರತಿಸ್ಪರ್ಧಿಗೆ ದುಡಿಯುವುದು ತಪ್ಪೆಂಬುದನ್ನು ಒಪ್ಪಬಹುದು. ಆದರೆ ಅದರಾಚೆಗಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಆಯಾ ಆಡಳಿತ ವರ್ಗವೇ ನಿರ್ಧರಿಸಿತು.

ಇದಕ್ಕೆ ಕಾರಣವೂ ಇದೆ. 1946ರ ಸ್ಥಾಯಿ ಆದೇಶಗಳ ಕಾಯ್ದೆಯ ಪ್ರಕಾರ, ದೊಡ್ಡ ಕಾರ್ಖಾನೆಗಳ ಸೇವಾ ನಿಯಮಗಳನ್ನು ಕಾರ್ಮಿಕರ ಆಕ್ಷೇಪಣೆ ಆಲಿಸಿದ ಬಳಿಕವೇ ಅಧಿಕಾರಿ ದೃಢೀಕರಿಸಬೇಕಿತ್ತು. ರಾಜ್ಯ ಸರ್ಕಾರ ಐಟಿ ಸಂಸ್ಥೆಗಳಿಗೆ ಆ ಕಾಯ್ದೆಯಿಂದ ವಿನಾಯಿತಿ ನೀಡುತ್ತ ಬಂದು, 2024ರಲ್ಲಿ ಮತ್ತೆ ಐದು ವರ್ಷ ವಿಸ್ತರಿಸಿತು. ಕುಂದುಕೊರತೆ ಸಮಿತಿ ಇರಬೇಕೆಂಬ ಷರತ್ತೇನೋ ಇತ್ತು. ಆದರೆ ನೀತಿಸಂಹಿತೆ ಬರೆಯುವುದು, ತಪ್ಪು ಹುಡುಕುವುದು, ಶಿಕ್ಷೆ ವಿಧಿಸುವುದು ಮೂರೂ ಒಂದೇ ಕೈಯಲ್ಲಿ ಉಳಿದವು.

ನಿಷ್ಠೆಯನ್ನು ನಿರೀಕ್ಷಿಸುವ ಸಂಹಿತೆಯಲ್ಲಿ ನೌಕರನ ಮಾತಿಗೂ ಸ್ಥಾನವಿರಬೇಕು. ಇಲ್ಲವಾದರೆ ಅದು ಕೆಲಸಕ್ಕೆ ಸೇರುವ ದಿನ ಓದದೆಯೇ ಸಹಿ ಹಾಕುವ ಮತ್ತೊಂದು ಕಾಗದವಷ್ಟೇ ಆಗುತ್ತದೆ.