ಅಳತೆ ಸರಪಳಿ ಎಲ್ಲರಿಗೂ ಒಂದೇ ಇರಲಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲೂಕುಗಳ ಮತದಾರರ ಹಕ್ಕೊತ್ತಾಯ ಪತ್ರ

ಇವರಿಗೆ:
ಮುಖ್ಯ ಚುನಾವಣಾಧಿಕಾರಿಗಳು, ಕರ್ನಾಟಕ
ಲೋಕಾಯುಕ್ತರು, ಕರ್ನಾಟಕ
ಕಂದಾಯ ಸಚಿವರು, ಕರ್ನಾಟಕ ಸರ್ಕಾರ
ಜಿಲ್ಲಾಧಿಕಾರಿಗಳು, ಕೋಲಾರ ಜಿಲ್ಲೆ
ಎಲ್ಲ ರಾಜಕೀಯ ಪಕ್ಷಗಳ ಜಿಲ್ಲಾ ಅಧ್ಯಕ್ಷರು

ವಿಷಯ: ಚುನಾವಣಾ ಅಭ್ಯರ್ಥಿಗಳ ಮನೆ, ಜಮೀನು, ನಿವೇಶನಗಳ ದಾಖಲೆ ಪರಿಶೀಲನೆ ಕುರಿತು.

ಮಾನ್ಯರೇ,

ನಮೂನೆ 57ರಲ್ಲಿ ಬಗರ್‌ಹುಕುಂ ಅರ್ಜಿ ಹಾಕಿದ ರೈತನನ್ನು ತಾಲೂಕು ಕಚೇರಿ ಹೇಗೆ ಜರಡಿ ಹಿಡಿಯುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. 2005ಕ್ಕೆ ಮೊದಲೇ ಉಳುಮೆ ಇತ್ತೇ ಎಂದು ಉಪಗ್ರಹ ಚಿತ್ರ ನೋಡುತ್ತಾರೆ. ಇರುವ ಜಮೀನೂ ಸೇರಿ 4 ಎಕರೆ 38 ಗುಂಟೆ ದಾಟಿದರೆ ಅರ್ಜಿ ವಜಾ. ಅದೇ ತಾಲೂಕಿನಿಂದ ವಿಧಾನಸೌಧಕ್ಕೆ ಹೊರಟವರು ಮಾತ್ರ ತಮ್ಮ ಮನೆ, ತೋಟ, ಸೈಟುಗಳ ಲೆಕ್ಕವನ್ನು ನಮೂನೆ 26ರ ಅಫಿಡವಿಟ್‌ನಲ್ಲಿ ತಾವೇ ಬರೆದು, ನೋಟರಿ ಮುಂದೆ ಸಹಿ ಹಾಕಿ ಕೊಟ್ಟರೆ ಸಾಕು. ಯಾವ ಕಲಮೂ ಖಾಲಿ ಬಿಟ್ಟಿಲ್ಲ ಎಂಬುದನ್ನು ಚುನಾವಣಾಧಿಕಾರಿ ನೋಡುತ್ತಾರೆ. ಬರೆದದ್ದು ನಿಜವೇ ಎಂದು ಅಳೆದು ನೋಡುವವರಿಲ್ಲ.

ಅಭ್ಯರ್ಥಿಯ ಆಸ್ತಿ ತಿಳಿಯುವುದು ಮತದಾರನ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು, 2003ರಲ್ಲಿ ಅದನ್ನೇ ಎತ್ತಿಹಿಡಿಯಿತು. ಗೆದ್ದವರ ಆಸ್ತಿ ಏರುವುದರ ಮೇಲೆ ಕಣ್ಣಿಡಲು ಶಾಶ್ವತ ವ್ಯವಸ್ಥೆ ಬೇಕೆಂದು 2018ರ ಫೆಬ್ರುವರಿಯಲ್ಲಿ ಹೇಳಿತು. ಆ ಹಕ್ಕು ಕಾಗದದಿಂದ ಹೊಲಕ್ಕಿಳಿಯಲಿ ಎಂಬುದಷ್ಟೇ ನಮ್ಮ ಒತ್ತಾಯ. ಯಾರ ಮೇಲೂ ತೀರ್ಪು ಕೊಡಲು ಈ ಪತ್ರ ಬರೆದಿಲ್ಲ.

ನಮ್ಮ ಹಕ್ಕೊತ್ತಾಯಗಳು:

1. 'ಒತ್ತುವರಿ ಇಲ್ಲ' ಪತ್ರ ಕಡ್ಡಾಯವಾಗಲಿ. ಹತ್ತು ವರ್ಷಗಳಲ್ಲಿ ಸರ್ಕಾರಿ ಬಂಗಲೆಯಲ್ಲಿದ್ದವರಿಂದ ಬಾಡಿಗೆ, ಕರೆಂಟು, ನೀರು, ಫೋನಿನ ಬಾಕಿ ಇಲ್ಲವೆಂಬ ಪತ್ರವನ್ನು ನಮೂನೆ 26 ಕೇಳುತ್ತದೆ. ಸ್ವಂತ ಮನೆಯ ಕಾಂಪೌಂಡು ಗೋಮಾಳಕ್ಕೋ ಕೆರೆ ಅಂಗಳಕ್ಕೋ ರಾಜಕಾಲುವೆಗೋ ಚಾಚಿದೆಯೇ ಎಂದು ಕೇಳುವುದಿಲ್ಲ. ಪ್ರತಿ ಸರ್ವೆ ನಂಬರಿಗೂ ಭೂಮಾಪನ ಇಲಾಖೆಯ ನಕ್ಷೆ ಮತ್ತು ಒತ್ತುವರಿ ಇಲ್ಲವೆಂಬ ದೃಢೀಕರಣ ಅಫಿಡವಿಟ್ ಜತೆಗಿರಲಿ. ನಮೂನೆ ತಿದ್ದುವ ಅಧಿಕಾರ ಕೇಂದ್ರದ್ದು. ಚುನಾವಣಾ ಆಯೋಗ ಶಿಫಾರಸು ಮಾಡಲಿ. ಅಲ್ಲಿಯವರೆಗೆ ಪಕ್ಷಗಳು ಈ ಪತ್ರವಿಲ್ಲದವರಿಗೆ ಬಿ ಫಾರಂ ಕೊಡಬಾರದು.

2. ಹೆಸರು ಬದಲಾದರೂ ಜಮೀನು ಲೆಕ್ಕಕ್ಕೆ ಸಿಗಲಿ. ಈಗಿನ ನಮೂನೆಯಲ್ಲಿ ಅಭ್ಯರ್ಥಿ, ಪತಿ ಅಥವಾ ಪತ್ನಿ, ಅವಿಭಕ್ತ ಕುಟುಂಬ ಮತ್ತು ಅವಲಂಬಿತರಿಗೆ ಮಾತ್ರ ಕಲಮುಗಳಿವೆ. ದುಡಿಯುವ ಮಗ, ಮದುವೆಯಾದ ಮಗಳು, ಅಣ್ಣತಮ್ಮಂದಿರು, ಕುಟುಂಬದ ಟ್ರಸ್ಟು ಇದರಾಚೆ ಉಳಿಯುತ್ತವೆ. ಕಂಪನಿಯ ಷೇರು ನಮೂದಾಗುತ್ತದೆ, ಕಂಪನಿಯ ಲೇಔಟು ಕಾಣುವುದಿಲ್ಲ. ಅಭ್ಯರ್ಥಿಯ ಹಣ ತೊಡಗಿರುವ ಎಲ್ಲ ಜಿಪಿಎ, ಕ್ರಯದ ಕರಾರು, ಜಂಟಿ ಅಭಿವೃದ್ಧಿ ಒಪ್ಪಂದಗಳನ್ನು ಬಹಿರಂಗಪಡಿಸಬೇಕು.

3. ಮನೆಯ ಬೆಲೆ ಮನೆಯಷ್ಟೇ ಇರಲಿ. ಈಗಿನ ಮಾರುಕಟ್ಟೆ ಬೆಲೆಯನ್ನು ಅಭ್ಯರ್ಥಿಯೇ ಅಂದಾಜಿಸುತ್ತಾರೆ. ಅದರ ಪಕ್ಕದಲ್ಲೇ ಉಪನೋಂದಣಾಧಿಕಾರಿಯ ಮಾರ್ಗಸೂಚಿ ದರ, ಕಟ್ಟಡದ ಚದರಡಿ, ಖಾತೆಯ ಸ್ವರೂಪ ನಮೂದಾಗಲಿ. ತೋಟದ ಮನೆ ಎಂದು ಬರೆದದ್ದು ರೆಸಾರ್ಟ್ ಆಗಿದ್ದರೆ ಭೂಪರಿವರ್ತನೆ ಆದೇಶದ ಸಂಖ್ಯೆಯನ್ನೂ ಬರೆಯಬೇಕು.

4. ಲೋಕಾಯುಕ್ತರ ಕಡತ ತೆರೆಯಲಿ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯ 22ನೇ ಕಲಂ ಪ್ರಕಾರ ಶಾಸಕರು, ಸಚಿವರು ಪ್ರತಿ ವರ್ಷ ಜೂನ್ 30ರೊಳಗೆ ಕುಟುಂಬದ ಆಸ್ತಿ ವಿವರ ಕೊಡಬೇಕು. ಕೊಡದವರ ಹೆಸರನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಅವಕಾಶವೂ ಅಲ್ಲೇ ಇದೆ. ಹೆಸರು ಮಾತ್ರ ಸಾಲದು. ನಮ್ಮ ಜಿಲ್ಲೆಯ ಪ್ರತಿ ಶಾಸಕರ ವಾರ್ಷಿಕ ವಿವರವನ್ನೂ ಅವರ ಚುನಾವಣಾ ಅಫಿಡವಿಟ್ಟನ್ನೂ ಅಕ್ಕಪಕ್ಕ ಇಟ್ಟು ವೆಬ್‌ಸೈಟಿನಲ್ಲಿ ಹಾಕಬೇಕು.

5. ಭೂಮಂಜೂರಾತಿ ಸಮಿತಿಯ ಕಲಾಪ ಬಯಲಿಗೆ ಬರಲಿ. ಬಗರ್‌ಹುಕುಂ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಮಾಲೂರಿನ ಸಮಿತಿ ಸುಮಾರು 150 ಕೋಟಿ ರೂಪಾಯಿ ಬೆಲೆಯ 80 ಎಕರೆ ಸರ್ಕಾರಿ ಜಮೀನನ್ನು ಅನರ್ಹರಿಗೆ ಮಂಜೂರು ಮಾಡಿದೆ ಎಂದು 2024ರ ಜನವರಿ ದಾಳಿಯ ನಂತರ ಜಾರಿ ನಿರ್ದೇಶನಾಲಯ ಆರೋಪಿಸಿತು. ಅದು ನಿಜವೋ ಅಲ್ಲವೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿ. ಪ್ರತಿ ಸಭೆಯ ಅರ್ಜಿದಾರರ ಪಟ್ಟಿ ಮೊದಲೇ ಗ್ರಾಮ ಪಂಚಾಯಿತಿ ಫಲಕಕ್ಕೆ ಬರಬೇಕು, ಸಭೆಯ ವಿಡಿಯೊ ದಾಖಲಾಗಬೇಕು, ಸದಸ್ಯರ ಬಂಧುಗಳ ಅರ್ಜಿ ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು.

6. ಯೋಜನೆಗೆ ಮೊದಲೇ ಜಮೀನು ಕೊಂಡವರು ಯಾರೆಂದು ತಿಳಿಯಲಿ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರು ತಾಲೂಕಿನಲ್ಲಿ ಹಾದಿದೆ. ನರಸಾಪುರ, ವೇಮಗಲ್, ಮಾಲೂರುಗಳಲ್ಲಿ ಕೈಗಾರಿಕಾ ಪ್ರದೇಶಗಳಿವೆ. ರಸ್ತೆ ಎಲ್ಲಿ ಬರುತ್ತದೆ ಎಂದು ಮೊದಲೇ ಬಲ್ಲವರು ಎಕರೆ ಲೆಕ್ಕದಲ್ಲಿ ಕೊಳ್ಳುತ್ತಾರೆ, ತಿಳಿಯದ ರೈತ ಮಗಳ ಮದುವೆಗೆಂದು ಮಾರಿ ಕೂರುತ್ತಾನೆ. ಖರೀದಿ ದಿನಾಂಕ ಈಗಲೂ ಅಫಿಡವಿಟ್‌ನಲ್ಲಿದೆ. ಭೂಸ್ವಾಧೀನ ಅಧಿಸೂಚನೆಯ (ಕೈಗಾರಿಕಾ ಪ್ರದೇಶಕ್ಕಾದರೆ ಕೆಐಎಡಿಬಿ ಕಾಯ್ದೆಯ 28(1)) ದಿನಾಂಕವನ್ನು ಅದರ ಪಕ್ಕ ಬರೆದು ಜಿಲ್ಲಾಡಳಿತ ಪ್ರಕಟಿಸಲಿ.

7. ಮೊದಲು ಸರ್ವೆ, ಆಮೇಲೆ ಜೆಸಿಬಿ. 2023ರಲ್ಲಿ ಶ್ರೀನಿವಾಸಪುರ ತಾಲೂಕಿನಲ್ಲಿ ಅರಣ್ಯ ಇಲಾಖೆ ಜೆಸಿಬಿ ಇಳಿಸಿ ಒತ್ತುವರಿ ತೆರವು ಮಾಡಿದಾಗ, ಬೆಳೆದ ಮಾವು ನೆಲಕ್ಕುರುಳಿತೆಂದು ರೈತರು ಬೀದಿಗಿಳಿದರು. ಅದೇ ತಾಲೂಕಿನ ಹೊಸಹುಡ್ಯ ಬಳಿ ಜಿನಗಲಕುಂಟೆ ಅರಣ್ಯದ 61 ಎಕರೆ 39 ಗುಂಟೆಯನ್ನು ಮಾಜಿ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಒತ್ತುವರಿ ಮಾಡಿದ್ದಾರೆಂಬ ಆರೋಪ ಹೈಕೋರ್ಟ್ ಮೆಟ್ಟಿಲೇರಿತು. ಅವರು ಆರೋಪ ಅಲ್ಲಗಳೆದಿದ್ದಾರೆ. ಅಲ್ಲಿ ಅರಣ್ಯ, ಕಂದಾಯ ಇಲಾಖೆಗಳ ಜಂಟಿ ಸರ್ವೆ ನಡೆದದ್ದು 2025ರ ಜನವರಿಯಲ್ಲಿ. ಮಾಜಿ ಸ್ಪೀಕರರಿಗೆ ಜಂಟಿ ಸರ್ವೆ ಸಿಕ್ಕಿದ್ದಕ್ಕೆ ನಮ್ಮ ತಕರಾರಿಲ್ಲ, ಅದು ನ್ಯಾಯವೇ. ಎರಡು ಎಕರೆಯ ರೈತನಿಗೂ ಅದೇ ನ್ಯಾಯ ಸಿಗಲಿ, ದೊಡ್ಡವರ ಸರ್ವೆ ವರ್ಷಗಟ್ಟಲೆ ಎಳೆಯದಿರಲಿ.

8. ಮಂಜೂರಾದ ಜಮೀನಿನ ಮೂಲ ಹೇಳಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಪಿಟಿಸಿಎಲ್ ಕಾಯ್ದೆ ತಡೆಯುತ್ತದೆ. ಅಭ್ಯರ್ಥಿಯ ಜಮೀನು ಮೂಲತಃ ಅಂಥದ್ದಾಗಿದ್ದರೆ ಅನುಮತಿ ಆದೇಶದ ಪ್ರತಿ ಕೊಡಬೇಕು.

9. ಸುಳ್ಳಿಗೆ ಬೆಲೆ ತೆರಲಿ. ಮುಳಬಾಗಿಲು ಮೀಸಲು ಕ್ಷೇತ್ರದಲ್ಲಿ 2018ರಲ್ಲಿ ಜಾತಿ ಪ್ರಮಾಣಪತ್ರದ ಕಾರಣಕ್ಕೆ ಹಾಲಿ ಶಾಸಕರ ನಾಮಪತ್ರವೇ ತಿರಸ್ಕೃತವಾಯಿತು. ಜಾತಿಯ ದಾಖಲೆಗೆ ಇರುವ ತೂಕ ಜಮೀನಿನ ದಾಖಲೆಗೆ ಏಕಿಲ್ಲ? ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಂ ಸುಳ್ಳು ಅಫಿಡವಿಟ್‌ಗೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಎನ್ನುತ್ತದೆ. ಆದರೆ ಸಾಕ್ಷಿ ಹಿಡಿದು ಕೋರ್ಟಿಗೆ ಅಲೆಯಬೇಕಾದವನು ಮತದಾರ. ಚುನಾವಣಾ ತಕರಾರು ಅರ್ಜಿಗೆ 45 ದಿನಗಳ ಗಡುವು, ಅದೂ ಹೈಕೋರ್ಟಿನಲ್ಲಿ. ಜಿಲ್ಲಾಧಿಕಾರಿ ಕಚೇರಿಯಲ್ಲಿ ದೂರು ಕೋಶ ತೆರೆದು, ಮೇಲ್ನೋಟಕ್ಕೆ ನಿಜವೆನಿಸಿದ ದೂರನ್ನು ಆಡಳಿತವೇ ನ್ಯಾಯಾಲಯಕ್ಕೆ ಒಯ್ಯಲಿ.

10. ಅಫಿಡವಿಟ್ ಕನ್ನಡದಲ್ಲಿ, ಊರ ಫಲಕದಲ್ಲಿ ಸಿಗಲಿ. ಆಸ್ತಿ ಪುಟಗಳ ಕನ್ನಡ ಪ್ರತಿ ಎಲ್ಲ ಗ್ರಾಮ ಪಂಚಾಯಿತಿಗಳಲ್ಲೂ ಮತದಾನಕ್ಕೆ ಮೊದಲೇ ಇರಲಿ. ದಿಶಾಂಕ್ ಆ್ಯಪ್ ತೆರೆದು ಬದುವಿನ ಮೇಲೆ ನಿಂತರೆ ಸರ್ವೆ ನಂಬರ್ ಕಾಣುತ್ತದೆ, ಭೂಮಿ ತಂತ್ರಾಂಶದಲ್ಲಿ ಪಹಣಿ ಸಿಗುತ್ತದೆ. ಉಳಿದದ್ದನ್ನು ಊರವರು ತಾಳೆ ನೋಡಿಕೊಳ್ಳುತ್ತಾರೆ.

ನಾವು ಕೇಳದಿರುವುದನ್ನೂ ಹೇಳಿಬಿಡುತ್ತೇವೆ. ಯಾರ ಮಲಗುವ ಕೋಣೆ ಎಷ್ಟು ದೊಡ್ಡದು, ಮಕ್ಕಳು ಎಲ್ಲಿ ಓದುತ್ತಾರೆ, ಬ್ಯಾಂಕ್ ಖಾತೆಯ ಸಂಖ್ಯೆ ಯಾವುದು ಎಂಬುದು ನಮಗೆ ಬೇಡ. ಶ್ರೀಮಂತರು ಚುನಾವಣೆಗೆ ನಿಲ್ಲಬಾರದೆಂದೂ ನಾವು ಹೇಳುತ್ತಿಲ್ಲ. ಹಿರಿಯರಿಂದ ಬಂದದ್ದಾದರೆ ವಿಭಾಗಪತ್ರ, ದುಡಿದು ಕೊಂಡದ್ದಾದರೆ ಕ್ರಯಪತ್ರ, ಸರ್ಕಾರ ಕೊಟ್ಟದ್ದಾದರೆ ಸಾಗುವಳಿ ಚೀಟಿ ತೋರಿಸಲಿ.

ಮೇಲಿನ 5, 6, 7 ಮತ್ತು 10ನೇ ಒತ್ತಾಯಗಳಿಗೆ ಹೊಸ ಕಾನೂನೇ ಬೇಕಿಲ್ಲ. ಜಿಲ್ಲಾಧಿಕಾರಿಗಳೂ ಕಂದಾಯ ಇಲಾಖೆಯೂ ಆದೇಶ ಹೊರಡಿಸಿದರೆ ಆರಂಭವಾಗುತ್ತವೆ. ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ಕೋರುತ್ತೇವೆ. ಯಾವ ಪಕ್ಷ ಒಪ್ಪಿತು, ಯಾವುದು ಸುಮ್ಮನಾಯಿತು ಎಂಬ ಪಟ್ಟಿಯನ್ನು ನಾಲ್ಕೂ ತಾಲೂಕುಗಳ ಸಂತೆಗಳಲ್ಲಿ ಹಂಚುತ್ತೇವೆ. ಮುಂದಿನ ಚುನಾವಣೆಯಲ್ಲಿ ಮತ ಕೇಳಿ ಬರುವವರು ಕರಪತ್ರದ ಜತೆ ತಮ್ಮ ಸರ್ವೆ ನಕ್ಷೆಯನ್ನೂ ತರಲಿ.

ಇಂತಿ,
ನಾಲ್ಕೂ ತಾಲೂಕುಗಳ ರೈತರು, ಕೂಲಿ ಕಾರ್ಮಿಕರು ಮತ್ತು ಮತದಾರರು