ದೊಡ್ಡ ಸ್ಪೀಕರ್ ಬೇಡ, ಕುರ್ಚಿ ಸರಿಸಿ

ಮನೆಯಲ್ಲಿ ಹಾಡು ಸರಿಯಾಗಿ ಕೇಳಿಸುತ್ತಿಲ್ಲ ಎಂದಾಕ್ಷಣ ನಮ್ಮ ವಯಸ್ಸಿನವರು ಮಾಡುವ ಮೊದಲ ಕೆಲಸ ಆನ್‌ಲೈನ್ ಅಂಗಡಿ ತೆರೆಯುವುದು. ಡಬ್ಬದ ಮೇಲೆ ಸಾವಿರ, ಎರಡು ಸಾವಿರ ವಾಟ್ ಎಂದು ಬರೆದದ್ದು ಕಣ್ಣಿಗೆ ಬೀಳುತ್ತದೆ. ಕಂತಿನ ಲೆಕ್ಕವೂ ಅಲ್ಲೇ ಪಕ್ಕದಲ್ಲಿ ಇರುತ್ತದೆ. ಕೆಲಸ ಸಿಗುವ ಮೊದಲೇ ಸಾಲ ಶುರು. ನಾನೂ ಆ ದಾರಿಯಲ್ಲಿ ಅರ್ಧ ಹೋಗಿ ವಾಪಸ್ ಬಂದವನು. ನನ್ನನ್ನು ತಡೆದದ್ದು ಅಡಿಕೆ ಚೀಲಗಳು.

ಬೆಂಗಳೂರಿನಲ್ಲಿದ್ದಾಗ ಮೊದಲ ಸಂಬಳದಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೀಕರ್ ಜೋಡಿ ಕೊಂಡಿದ್ದೆ. ಐದಿಂಚಿನ ವೂಫರ್, ಮೇಲೊಂದು ಪುಟ್ಟ ಟ್ವೀಟರ್, ಜೊತೆಗೆ ಸಣ್ಣ ಆಂಪ್ಲಿಫೈಯರ್. ಹತ್ತಡಿ ಅಗಲದ ಪಿಜಿ ಕೋಣೆಯಲ್ಲಿ ಅವು ಹಾಡಿದ ರೀತಿಗೆ ರೂಮ್‌ಮೇಟ್ ಕೂಡ ಇಯರ್‌ಫೋನ್ ತೆಗೆದಿಟ್ಟಿದ್ದ. ಆಮೇಲೆ ಪ್ರಾಜೆಕ್ಟ್ ಮುಗಿಯಿತು, ಕೆಲಸವೂ ಹೋಯಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇನೆಂದು ಜನವರಿಯಲ್ಲಿ ಸಾಗರದ ಹತ್ತಿರದ ನಮ್ಮ ಹಳ್ಳಿಗೆ ಬಂದೆ.

ಹಳೆಯ ಕಾಲದ ಮನೆ. ಜಗಲಿ 25 ಅಡಿ ಉದ್ದ, 15 ಅಡಿ ಅಗಲ. ಸಿಮೆಂಟಿನ ನೆಲ, ದಪ್ಪ ಗೋಡೆ, ಮೇಲೆ ಮರದ ಮುಚ್ಚಿಗೆ. ಅಪ್ಪನಿಗೆ 68 ವರ್ಷ, ಕಿವಿ ಸ್ವಲ್ಪ ಮಂದ. ತಾಳಮದ್ದಲೆ ಎಂದರೆ ಪ್ರಾಣವಾದರೂ ಫೋನಿನಲ್ಲಿ ಅರ್ಥ ತಿಳಿಯುವುದಿಲ್ಲವೆಂದು ಕೇಳುವುದನ್ನೇ ಬಿಟ್ಟಿದ್ದರು. ನಾನು ಸ್ಪೀಕರ್ ಜೋಡಿಸಿ ಹಳೆಯ ಧ್ವನಿಮುದ್ರಣಗಳನ್ನು ಹಾಕಿದೆ. ಮೊದಲ ಮೂರು ತಿಂಗಳು ಅಪ್ಪ ಸಂಜೆಯ ಕಾಫಿ ಹೊತ್ತಿಗೇ ಬಂದು ಕೂರುತ್ತಿದ್ದರು. ಅರ್ಥಧಾರಿಯ ವಾದಕ್ಕೆ ಇವರು ಇಲ್ಲಿಂದಲೇ ಉತ್ತರ ಕೊಡುತ್ತಿದ್ದರು.

ಏಪ್ರಿಲ್‌ನಲ್ಲಿ ಏನೋ ಕೆಟ್ಟಿತು. ವಾಲ್ಯೂಮ್ ಏರಿಸಿದರೆ ಚಂಡೆ ಕಿವಿಗೆ ಹೊಡೆಯುತ್ತಿತ್ತು. ಇಳಿಸಿದರೆ ಏನೂ ಇಲ್ಲ. ‘ಶಬ್ದ ಬರ್ತದೆ ಮಾರಾಯ, ಮಾತು ಬರೂದಿಲ್ಲ’ ಎಂದು ಅಪ್ಪ ಎದ್ದು ಅಂಗಳಕ್ಕೆ ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಪೇಟೆಯ ಅಂಗಡಿಯವರನ್ನು ಕೇಳಿದೆ. ‘ಅಷ್ಟು ದೊಡ್ಡ ಹಾಲ್‌ಗೆ ಈ ಚಿಕ್ಕದು ಸಾಕಾಗಲ್ಲ ಸರ್, ಟವರ್ ಸ್ಪೀಕರ್ ಹಾಕ್ಸಿ’ ಎಂದರು. 45 ಸಾವಿರ ರೂಪಾಯಿ, ಹನ್ನೆರಡು ಕಂತು. ಫಾರಂ ತುಂಬಿಸಿಕೊಂಡು ಮನೆಗೆ ಬಂದೆ. ಜಗಲಿಯಲ್ಲಿ ನಿಂತು ಅಮ್ಮನನ್ನು ಕರೆದಾಗ ನನ್ನದೇ ದನಿ ನನಗೆ ವಾಪಸ್ ಕೇಳಿಸಿತು. ಚಳಿಗಾಲದಲ್ಲಿ ಹೀಗಿರಲಿಲ್ಲವಲ್ಲ! ಆಗ ಹಿಂದಿನ ಗೋಡೆಯುದ್ದಕ್ಕೂ ಆಳೆತ್ತರಕ್ಕೆ ಅಡಿಕೆ ಚೀಲ ಪೇರಿಸಿತ್ತು. ಮಾರ್ಚ್ ಕೊನೆಗೆ ಎಲ್ಲ ಮಂಡಿಗೆ ಹೋಗಿತ್ತು. ಸ್ಪೀಕರ್ ಅದೇ, ಆಂಪ್ಲಿಫೈಯರ್ ಅದೇ, ಅಪ್ಪನ ಕಿವಿಯೂ ಅದೇ. ಬದಲಾದದ್ದು ಕೋಣೆ ಮಾತ್ರ.

ಅಂಗಡಿಯಲ್ಲಿ ಯಾರೂ ಹೇಳದ ಮಾತು ಇದು. ನಾವು ಸ್ಪೀಕರನ್ನಷ್ಟೇ ಕೇಳುವುದಿಲ್ಲ, ಕೋಣೆಯನ್ನೂ ಕೇಳುತ್ತೇವೆ. ಸ್ಪೀಕರಿನಿಂದ ನೇರವಾಗಿ ಬರುವ ದನಿ ಒಂದು. ಗೋಡೆ, ನೆಲ, ಮಾಡಿಗೆ ಬಡಿದು ತಡವಾಗಿ ಬರುವ ದನಿ ಇನ್ನೊಂದು. ನೇರ ದನಿ ದೂರ ಹೋದಷ್ಟೂ ಕ್ಷೀಣಿಸುತ್ತದೆ. ಬಯಲಿನಲ್ಲಾದರೆ ದೂರ ಎರಡರಷ್ಟಾದಾಗ 6 ಡೆಸಿಬೆಲ್ ಇಳಿಯುತ್ತದೆ. ಬಡಿದು ಬರುವ ದನಿ ಮಾತ್ರ ಕೋಣೆಯ ಎಲ್ಲ ಮೂಲೆಯಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ತುಂಬಿಕೊಂಡಿರುತ್ತದೆ. ಹಾಗಾಗಿ ಖಾಲಿ ಜಗಲಿಯ ಆಚೆ ತುದಿಯಲ್ಲಿ ಕೂತ ಅಪ್ಪನಿಗೆ ತಲುಪುತ್ತಿದ್ದುದು ಬಹುಪಾಲು ಗೋಡೆಯ ದನಿ. ವಾಲ್ಯೂಮ್ ಏರಿಸಿದರೆ ಎರಡೂ ಒಟ್ಟಿಗೇ ಏರುತ್ತವೆ, ಗೊಂದಲ ಅಷ್ಟೇ ಉಳಿಯುತ್ತದೆ. ದೊಡ್ಡ ಸ್ಪೀಕರ್ ತಂದು ಅದೇ ಜಾಗದಲ್ಲಿಟ್ಟಿದ್ದರೂ ಹೆಚ್ಚುಕಡಿಮೆ ಅದೇ ಕಥೆ. ವಯಸ್ಸಾದವರ ಕಿವಿಯಲ್ಲಿ ಮೊದಲು ಕುಂದುವುದು ಎತ್ತರದ ಕಂಪನಾಂಕಗಳು. ಸ, ತ, ಕ, ಪ ಇಂಥ ವ್ಯಂಜನಗಳ ಸ್ಪಷ್ಟತೆ ಇರುವುದೂ ಅಲ್ಲೇ. ಅದರ ಮೇಲೆ ಹಿಂದಿನ ಪದದ ಬಾಲ ಬಂದು ಕುಳಿತರೆ ಮಾತು ಉಳಿಯುವುದೆಲ್ಲಿ?

ಪರೀಕ್ಷೆ ಸುಲಭ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ‘ಝರ್ರ್’ ಎಂದು ಬಾಲ ಬಂದರೆ ದುಡ್ಡು ಸ್ಪೀಕರಿಗೆ ಹಾಕಬೇಡಿ.

ನಾನು ಮಾಡಿದ್ದಕ್ಕೆ ಹೆಚ್ಚು ಖರ್ಚಾಗಲಿಲ್ಲ. ಗೋಡೆಯ ಕಪಾಟಿನೊಳಗೆ ಇದ್ದ ಸ್ಪೀಕರುಗಳನ್ನು ಹೊರತೆಗೆದು ಎರಡು ಮರದ ಸ್ಟೂಲಿನ ಮೇಲಿಟ್ಟೆ. ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ ಬರಬೇಕು, ಅದಕ್ಕೆ ಕೆಳಗೆ ಹಳೆಯ ಗೈಡುಗಳನ್ನು ಕೊಟ್ಟೆ (ಅವುಗಳಿಂದ ಇಷ್ಟಾದರೂ ಉಪಯೋಗವಾಯಿತು). ಸ್ಪೀಕರುಗಳ ನಡುವೆ ಐದಡಿ, ಅಪ್ಪನ ಕುರ್ಚಿಗೂ ಒಂದೊಂದರಿಂದ ಐದಡಿ. ಎರಡನ್ನೂ ಕುರ್ಚಿಯ ಕಡೆ ಸ್ವಲ್ಪ ತಿರುಗಿಸಿದೆ. ಹಿಂದಿನ ಗೋಡೆಗೆ ಒಂದಡಿ ಅಂತರ ಬಿಟ್ಟೆ. ಗೋಡೆ ಹತ್ತಿರವಿದ್ದರೆ ಬೇಸ್ ಹೆಚ್ಚುತ್ತದೆ, ಚಿಕ್ಕ ಸ್ಪೀಕರಿಗೆ ಅದು ಉಚಿತವಾಗಿ ಸಿಗುವ ಸಹಾಯ. ಪೂರ್ತಿ ಮೂಲೆಗೆ ತಳ್ಳಿದರೆ ಮಾತ್ರ ಎಲ್ಲವೂ ‘ಗುಂಯ್’ ಎನ್ನತೊಡಗುತ್ತದೆ. ಕುರ್ಚಿಯ ಹಿಂದೆ ಹತ್ತಿಯ ಹಾಸಿಗೆಯೊಂದನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ, ನೆಲಕ್ಕೆ ಜಮಖಾನ ಹಾಸಿದೆ. ತೆಳು ಪರದೆಯನ್ನೂ ಕಟ್ಟಿ ನೋಡಿದೆ, ಏನೂ ಆಗಲಿಲ್ಲ. ದನಿ ಹೀರಲು ದಪ್ಪ ಬೇಕು. ಹಾಸಿಗೆ ನೋಡಿ ಅಮ್ಮ ಬೈದರು, ಅದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ವಾಟಿನ ವಿಷಯ. ಅಗ್ಗದ ಡಬ್ಬಗಳ ಮೇಲೆ ‘ಪಿಎಂಪಿಒ’ ಎಂದು ಬರೆದ ಸಾವಿರಗಳು ಸ್ಪೀಕರ್ ನಿಜವಾಗಿ ನಿರಂತರ ಕೊಡುವ ಶಕ್ತಿಯಲ್ಲ, ಜಾಹೀರಾತಿನ ಅಂಕಿ. ನಿಜವಾದ ವಾಟ್ ಎರಡು ಪಟ್ಟಾದರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಇದಕ್ಕಿಂತ ಕುರ್ಚಿ ಮುಂದಕ್ಕೆ ಎಳೆಯುವುದು ಅಗ್ಗ. ಬಿಬಿಸಿಯವರು 1970ರ ದಶಕದಲ್ಲಿ ಎಲ್‌ಎಸ್ 3/5ಎ ಎಂಬ ಸ್ಪೀಕರ್ ರೂಪಿಸಿದ್ದು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಕೇಳಲಿಕ್ಕೆ. ಎತ್ತರ ಸುಮಾರು 30 ಸೆಂಟಿಮೀಟರ್, ನಮ್ಮ ಅಡುಗೆಮನೆಯ ಬಿಸ್ಕತ್ ಡಬ್ಬದಷ್ಟು. ಮಾತಿನ ಸಹಜತೆಗೆ ಅದನ್ನು ಇಂದಿಗೂ ಹೊಗಳುತ್ತಾರೆ. ಹತ್ತಿರ ಕೂತು ಕೇಳಲೆಂದೇ ಮಾಡಿದ್ದು ಅದು, ದೂರ ಕೂತವರಿಗಲ್ಲ.

ಚಿಕ್ಕ ಸ್ಪೀಕರ್ ಎಲ್ಲಕ್ಕೂ ಸಾಕು ಎಂದು ನಾನು ವಾದಿಸುತ್ತಿಲ್ಲ. ಒಂದೇ ಮಟ್ಟದ ದನಿಗೆ ಕಂಪನಾಂಕ ಅರ್ಧಕ್ಕಿಳಿದರೆ ಕೋನ್ ನಾಲ್ಕು ಪಟ್ಟು ಹೆಚ್ಚು ಅಲುಗಾಡಬೇಕಾಗುತ್ತದೆ. ಐದಿಂಚಿನ ಕೋನ್ ಒಂದು ಹಂತದಲ್ಲಿ ಕೈ ಚೆಲ್ಲುತ್ತದೆ. ಸಿನಿಮಾ ಹಾಡಿನ ಬೇಸ್‌ಗೆ ಮೈ ಕುಣಿಯಬೇಕೆಂದರೆ ಒಂದು ಸಬ್‌ವೂಫರ್ ಸೇರಿಸಿ, ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನದನ್ನು ಅದಕ್ಕೇ ಬಿಡಬಹುದು. ಆ ಹೊರೆ ಇಳಿದರೆ ಚಿಕ್ಕ ಸ್ಪೀಕರ್ ಇನ್ನಷ್ಟು ಜೋರಾಗಿ, ಸ್ವಚ್ಛವಾಗಿ ಹಾಡುತ್ತದೆ. ಕೊಳ್ಳುವುದಾದರೆ ಅದನ್ನು ಕೊಳ್ಳಿ, ಅದೂ ಕೆಲಸ ಸಿಕ್ಕ ಮೇಲೆ.

ನನಗೆ ಸಿಟ್ಟು ಬರುವುದು ನಮ್ಮ ಕಾಲೇಜುಗಳ ಸೆಮಿನಾರ್ ಹಾಲ್‌ಗಳ ಬಗ್ಗೆ. ವೇದಿಕೆಯ ಎರಡು ಬದಿ ಆಳೆತ್ತರದ ಬಾಕ್ಸ್, ಹೊಳೆಯುವ ಟೈಲ್ಸ್, ಬರಿಯ ಗೋಡೆ. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ, ಹಿಂದಿನವರು ಮುಖ ಮುಖ ನೋಡುತ್ತಾರೆ. ನಾನು ಓದಿದ ಕಾಲೇಜಿನ ಕ್ಯಾಂಪಸ್ ಸಂದರ್ಶನದ ದಿನ ಕಂಪನಿಯವರು ಬಾಂಡ್ ವಿಷಯ ಮೈಕಿನಲ್ಲಿ ಹೇಳಿದರು. ಒಂದು ವರ್ಷವೋ ಎರಡು ವರ್ಷವೋ ಹಿಂದೆ ಕೂತಿದ್ದ ನಮಗೆ ಯಾರಿಗೂ ತಿಳಿಯಲಿಲ್ಲ. ತಲೆಯಾಡಿಸಿ ಸಹಿ ಹಾಕಿದೆವು. ಎರಡು ವರ್ಷ ಎಂದು ಗೊತ್ತಾದದ್ದು ಗೆಳೆಯನೊಬ್ಬ ಕೆಲಸ ಬಿಡಲು ಹೋದಾಗ. ಅದೇ ದುಡ್ಡಿಗೆ ಹಾಲ್‌ನ ಉದ್ದಕ್ಕೂ ಅಲ್ಲಲ್ಲಿ ಚಿಕ್ಕ ಸ್ಪೀಕರ್ ಹಾಕಿ, ಪ್ರತಿಯೊಂದನ್ನೂ ಮೆಲ್ಲಗೆ ಇಟ್ಟಿದ್ದರೆ ಎಲ್ಲರಿಗೂ ಹತ್ತಿರದ ದನಿ ಸಿಗುತ್ತಿತ್ತು. ಗೋಡೆಗೆ ಒಂದಷ್ಟು ದಪ್ಪ ಹೊದಿಕೆ ಸೇರಿದ್ದರೆ ಇನ್ನೂ ಒಳ್ಳೆಯದು. ಆದರೆ ಉದ್ಘಾಟನೆಯ ದಿನ ಫೋಟೋದಲ್ಲಿ ಕಾಣುವುದು ದೊಡ್ಡ ಬಾಕ್ಸ್ ತಾನೇ!

ಈಗ ನಮ್ಮ ಮನೆಯಲ್ಲಿ ವಾಲ್ಯೂಮ್ ಮೊದಲಿನ ಅರ್ಧಕ್ಕಿದೆ. ಜಗಲಿಯ ಆಚೆ ತುದಿಯಲ್ಲಿ ನಾನು ಓದುತ್ತೇನೆ, ಇತ್ತ ಅಪ್ಪ ಕೃಷ್ಣನ ಸಂಧಾನಕ್ಕೆ ತಕರಾರು ತೆಗೆಯುತ್ತಿರುತ್ತಾರೆ. ಕಂತಿನ ಫಾರಂ ಸ್ಟೂಲಿನ ಕಾಲಿನ ಕೆಳಗಿದೆ, ನೆಲ ಸ್ವಲ್ಪ ಏರುಪೇರು. ಮುಂದಿನ ಕೊಯ್ಲಿನ ಚೀಲಗಳನ್ನು ಎಲ್ಲಿ ಪೇರಿಸಬೇಕೆಂದು ಮೊನ್ನೆ ಮಾತು ಬಂತು. ‘ಅಲ್ಲೇ ಹಿಂದಿನ ಗೋಡೆಗೆ ಇರಲಿ, ರೇಟು ಬರುವವರೆಗೆ ಮಾರೂದು ಬೇಡ’ ಎಂದರು ಅಪ್ಪ. ರೇಟು ಎಷ್ಟಾದರೆ ಬಂದ ಹಾಗೆ ಎಂದು ಅಮ್ಮ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ.